ನಾರು ಹುಳು ಕಾಡು ಸೇರಿತಾ?

ಹದಿನೈದು. ಈ ಸಂಖ್ಯೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

2024ನೇ ಇಸವಿಯಲ್ಲಿ, ಇಡೀ ಪ್ರಪಂಚದಲ್ಲಿ, ಒಂದು ಕಾಯಿಲೆ ಬಂದಿದ್ದು ಬರೀ ಹದಿನೈದು ಜನರಿಗೆ. ಹದಿನೈದು ಲಕ್ಷ ಅಲ್ಲ, ಹದಿನೈದು ಸಾವಿರ ಅಲ್ಲ. ಒಂದು ಟೆಂಪೋ ಟ್ರಾವೆಲರ್‌ನಲ್ಲಿ ಕೂರಿಸಬಹುದಾದಷ್ಟು ಜನ. ಇದೇ ಕಾಯಿಲೆ 1986ರಲ್ಲಿ ಎಷ್ಟು ಜನರಿಗೆ ಇತ್ತು ಗೊತ್ತಾ? ಅಂದಾಜು 35 ಲಕ್ಷ ಜನರಿಗೆ. ಮೂವತ್ತೈದು ಲಕ್ಷದಿಂದ ಹದಿನೈದಕ್ಕೆ. ಲಸಿಕೆ ಇಲ್ಲದೆ. ಮಾತ್ರೆ ಇಲ್ಲದೆ. ಇಂಜೆಕ್ಷನ್ ಇಲ್ಲದೆ.

ಹಾಗಾದ್ರೆ ಇನ್ನೇನು, ಮುಗೀತಲ್ಲ, ಸಿಹಿ ಹಂಚೋಣ ಅಂತೀರಾ? ಅಲ್ಲೇ ಇರೋದು ಸಮಸ್ಯೆ. ಮನುಷ್ಯರ ಲೆಕ್ಕ ಹದಿನೈದಕ್ಕೆ ಬಂದು ನಿಂತಾಗ, ಈ ಹುಳು ಎಲ್ಲಿ ಕೂತಿದೆ ಅಂತ ಹುಡುಕಿದವರಿಗೆ ಸಿಕ್ಕಿದ್ದು ನಾಯಿಗಳು, ಬೆಕ್ಕುಗಳು, ಮತ್ತೆ ಕಾಡಿನಲ್ಲಿ ಓಡಾಡುವ ಬಬೂನ್ ಮಂಗಗಳು. ಈ ಮಂಗಗಳ ಕಾಲಿನಿಂದಲೂ ಅದೇ ಹುಳು ಹೊರಗೆ ಬರುತ್ತಿದೆ. ಇವತ್ತು ಮಾತಾಡಬೇಕಿರೋದು ಈ ಹುಳುವಿನ ಬಗ್ಗೆ. ಯಾಕಂದ್ರೆ ಇದು ಎಲ್ಲೋ ಆಫ್ರಿಕಾದ ಕಥೆ ಮಾತ್ರ ಅಲ್ಲ. ಒಂದು ಕಾಲಕ್ಕೆ ನಮ್ಮ ಊರಿನ ಕಥೆಯೂ ಆಗಿತ್ತು.

ಇಂಗ್ಲಿಷ್‌ನಲ್ಲಿ ಗಿನಿ ವರ್ಮ್ ಅಂತಾರೆ. ನಮ್ಮಲ್ಲಿ ಏನಂತಿದ್ರು? ನಾರು ಹುಣ್ಣು. ಕಲಬುರಗಿ, ರಾಯಚೂರು ಕಡೆಯ ವೀಕ್ಷಕರ ಮನೆಗಳಲ್ಲಿ ಅರವತ್ತು, ಎಪ್ಪತ್ತು ದಾಟಿದ ಹಿರಿಯರಿದ್ದರೆ ಈ ಹೆಸರು ಕೇಳಿದ ತಕ್ಷಣ ಅವರ ಮುಖ ನೋಡಿ. ಉತ್ತರ ಕರ್ನಾಟಕದ ಒಣ ಜಿಲ್ಲೆಗಳಲ್ಲಿ ಈ ಕಾಯಿಲೆ ಮನೆಮಾತಾಗಿತ್ತು. ಇಪ್ಪತ್ತು, ಮೂವತ್ತು ವರ್ಷದ ಹುಡುಗರಿಗೆ ಇದರ ಹೆಸರೇ ಗೊತ್ತಿಲ್ಲ. ಗೊತ್ತಿಲ್ಲದೇ ಇರೋದೇ ನಮ್ಮ ಗೆಲುವು ಅನ್ನಿ.

ನಾರು ಅಂತ ಯಾಕೆ ಹೆಸರು ಬಂತು? ಹುಳು ನೋಡೋಕೆ ಥೇಟ್ ನಾರಿನ ಥರಾನೇ ಇರುತ್ತೆ. ಹೆಣ್ಣು ಹುಳುವಿನ ಉದ್ದ ಎರಡರಿಂದ ಮೂರು ಅಡಿ. ದಪ್ಪ ಮಾತ್ರ ಒಂದೆರಡು ಮಿಲಿಮೀಟರ್. ಬಿಳೀ ದಾರದ ಎಳೆಯ ಹಾಗೆ. ಆ ದಾರ ಮನುಷ್ಯನ ಚರ್ಮದ ಕೆಳಗೆ ಮಲಗಿರುತ್ತೆ. ಒಂದು ದಿನ ಚರ್ಮ ಬಗೆದುಕೊಂಡು ಹೊರಗೆ ಬರುತ್ತೆ.

ಇದು ಮೈಯೊಳಗೆ ಹೋಗೋದು ಹೇಗೆ? ನೀರಿನಿಂದ. ಕೆರೆ, ಕುಂಟೆ, ಮೆಟ್ಟಿಲು ಬಾವಿಯ ನಿಂತ ನೀರಲ್ಲಿ ಸೈಕ್ಲಾಪ್ಸ್ ಅನ್ನೋ ಒಂದು ಪುಟಾಣಿ ಜೀವಿ ಇರುತ್ತೆ. ಬರಿಗಣ್ಣಿಗೆ ಕಂಡರೂ ಕಾಣದ ಹಾಗೆ, ಒಂದು ಚುಕ್ಕಿ ಅಷ್ಟೇ. ನಾರು ಹುಳುವಿನ ಮರಿಗಳನ್ನು ಈ ಸೈಕ್ಲಾಪ್ಸ್ ತಿನ್ನುತ್ತೆ. ಮರಿ ಅದರ ಹೊಟ್ಟೆಯೊಳಗೆ ಸಾಯಲ್ಲ, ಬೆಳೆಯುತ್ತೆ. ಎರಡು ವಾರದ ಹೊತ್ತಿಗೆ ಮುಂದಿನ ಪ್ರಯಾಣಕ್ಕೆ ರೆಡಿ. ಆಗ ಯಾರೋ ಬಂದು ಆ ನೀರು ಮೊಗೆದು, ಸೋಸದೆ ಕುಡೀತಾರೆ. ಹೊಟ್ಟೆಯೊಳಗಿನ ಆಮ್ಲಕ್ಕೆ ಸೈಕ್ಲಾಪ್ಸ್ ಸತ್ತುಹೋಗುತ್ತೆ. ಹುಳುವಿನ ಮರಿ ಮಾತ್ರ ಹೊರಗೆ ಬಂದು, ಕರುಳಿನ ಗೋಡೆ ತೂರಿ, ದೇಹದೊಳಗೆ ಇಳಿಯುತ್ತೆ.

ಆಮೇಲೆ? ಆಮೇಲೆ ಏನೂ ಆಗಲ್ಲ. ಜ್ವರ ಇಲ್ಲ, ನೋವಿಲ್ಲ, ತುರಿಕೆ ಇಲ್ಲ. ಒಳಗೆ ಗಂಡು ಹುಳು, ಹೆಣ್ಣು ಹುಳು ಕೂಡುತ್ತವೆ. ಗಂಡು ಸಾಯುತ್ತೆ. ಹೆಣ್ಣು ಬೆಳೆಯುತ್ತಾ, ಹೊಟ್ಟೆ ತುಂಬಾ ಮರಿ ತುಂಬಿಕೊಂಡು, ನಿಧಾನಕ್ಕೆ ಕಾಲಿನ ಕಡೆ ಇಳಿಯುತ್ತೆ. ಹೀಗೆ ಸುಮಾರು ಒಂದು ವರ್ಷ. ಹೋದ ವರ್ಷ ಕುಡಿದ ಒಂದು ಲೋಟ ನೀರು ಈ ವರ್ಷ ಕಾಲಲ್ಲಿ ಬೊಬ್ಬೆಯಾಗಿ ಏಳುತ್ತೆ.

ಆ ಬೊಬ್ಬೆ ಬೆಂಕಿ ಇಟ್ಟ ಹಾಗೆ ಉರಿಯುತ್ತೆ. ಉರಿ ತಾಳಲಾರದೆ ಮನುಷ್ಯ ಏನು ಮಾಡ್ತಾನೆ? ನೀರಿಗೆ ಕಾಲಿಡ್ತಾನೆ. ಹುಳುವಿಗೆ ಬೇಕಿದ್ದಿದ್ದೂ ಅದೇ. ನೀರು ತಾಗಿದ ಕೂಡಲೇ ಬೊಬ್ಬೆ ಒಡೆದು, ಹುಳು ತಲೆ ಹೊರಗೆ ಹಾಕಿ, ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಬಿಡುತ್ತೆ. ಸೈಕ್ಲಾಪ್ಸ್ ಕಾಯುತ್ತಾ ಇರುತ್ತೆ. ಮತ್ತೆ ಚಕ್ರ ಶುರು.

ಇದಕ್ಕೆ ಔಷಧ ಏನು? ಇಲ್ಲ. ಇವತ್ತಿಗೂ ಇಲ್ಲ. ನಮ್ಮ ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳು ನಿವಾರಣಾ ದಿನ ಅಂತ ಮಾಡಿ ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆ ಕೊಡ್ತಾರಲ್ಲ, ಅದು ಕರುಳಿನಲ್ಲಿರೋ ಹುಳುಗಳಿಗೆ. ಚರ್ಮದ ಕೆಳಗಿನ ನಾರು ಹುಳುವಿಗೆ ಆ ಮಾತ್ರೆಯಿಂದ ಪ್ರಯೋಜನ ಇಲ್ಲ. ಇದಕ್ಕಿರೋದು ಒಂದೇ ಚಿಕಿತ್ಸೆ, ಅದೂ ಸಾವಿರಾರು ವರ್ಷ ಹಳೇದು. ಹೊರಗೆ ಬಂದ ಹುಳುವಿನ ತುದಿಯನ್ನು ಒಂದು ಸಣ್ಣ ಕಡ್ಡಿಗೋ ಬಟ್ಟೆಯ ಸುರುಳಿಗೋ ಸುತ್ತೋದು. ದಿನಕ್ಕೆ ಒಂದೆರಡು ಇಂಚು. ಜೋರಾಗಿ ಎಳೆದ್ರೆ ಹುಳು ತುಂಡಾಗುತ್ತೆ. ತುಂಡಾದ್ರೆ ಒಳಗೆ ಉಳಿದ ಭಾಗ ಕೀವಾಗಿ, ಊತವಾಗಿ, ಕೆಲವರಿಗೆ ಕಾಲೇ ಮಡಚೋಕಾಗದ ಹಾಗೆ ಆಗಿಬಿಡುತ್ತೆ. ಅದಕ್ಕೇ ವಾರಗಟ್ಟಲೆ ತಾಳ್ಮೆಯಿಂದ ಸುತ್ತಬೇಕು. ಅಷ್ಟು ದಿನ ರೈತ ಹೊಲಕ್ಕೆ ಹೋಗಲ್ಲ, ಮಗು ಶಾಲೆಗೆ ಹೋಗಲ್ಲ, ತಾಯಿ ಒಲೆ ಮುಂದೆ ಕೂರೋಕಾಗಲ್ಲ. ನಾರು ಹುಣ್ಣಿನಿಂದ ಜನ ಸಾಯೋದು ಅಪರೂಪ. ಆದರೆ ಬಿತ್ತನೆ ಕಾಲದಲ್ಲಿ ಕಾಲಲ್ಲಿ ಹುಳು ಎದ್ದರೆ ಆ ಮನೆಯ ಆ ವರ್ಷದ ಊಟ ಹೋಯ್ತು ಅಂತಲೇ ಅರ್ಥ. ಇನ್ನೊಂದು ಮಾತು. ಒಂದು ಸಲ ಬಂದವರಿಗೆ ಮತ್ತೆ ಬರಲ್ಲ ಅನ್ನೋ ಹಾಗೂ ಇಲ್ಲ. ಪ್ರತಿ ವರ್ಷ ಬರಬಹುದು. ದೇಹ ಇದರಿಂದ ಏನೂ ಪಾಠ ಕಲಿಯಲ್ಲ.

ಎಷ್ಟು ಹಳೇ ಕಾಯಿಲೆ ಅಂತೀರಿ? ಬ್ರಿಟನ್ನಿನ ಮ್ಯಾಂಚೆಸ್ಟರ್ ಮ್ಯೂಸಿಯಂನಲ್ಲಿರೋ ಈಜಿಪ್ಟ್‌ನ ಒಂದು ಮಮ್ಮಿಯನ್ನು 1975ರಲ್ಲಿ ವಿಜ್ಞಾನಿಗಳು ಬಿಚ್ಚಿ ಪರೀಕ್ಷೆ ಮಾಡಿದಾಗ, ಹದಿಹರೆಯದ ಹುಡುಗಿಯ ಆ ದೇಹದೊಳಗೆ ಸುಣ್ಣಗಟ್ಟಿದ ನಾರು ಹುಳು ಸಿಕ್ಕಿತು. ಆದರೆ ಹುಳು ನೀರಿನೊಳಗಿನ ಸೈಕ್ಲಾಪ್ಸ್ ಮೂಲಕ ಬರುತ್ತೆ ಅಂತ ಕಂಡುಹಿಡಿದಿದ್ದು 1870ರಲ್ಲಿ, ಮಧ್ಯ ಏಷ್ಯಾದಲ್ಲಿ ಕೆಲಸ ಮಾಡ್ತಿದ್ದ ಅಲೆಕ್ಸಿ ಫೆಡ್ಚೆಂಕೋ ಅನ್ನೋ ರಷ್ಯನ್ ವಿಜ್ಞಾನಿ. ಸಾವಿರಾರು ವರ್ಷದ ಒಗಟು ಅವತ್ತು ಬಿಡಿಸಿಕೊಂಡಿತು. ನೀರಿಗೂ ಮನುಷ್ಯನ ಬಾಯಿಗೂ ಮಧ್ಯೆ ಒಂದು ಬಟ್ಟೆ ಹಿಡಿದ್ರೆ ಸಾಕು, ಹುಳುವಿನ ವಂಶ ಮುಗಿಯುತ್ತೆ ಅನ್ನೋದು ಗೊತ್ತಾಯ್ತು.

ಭಾರತ ಮಾಡಿದ್ದೂ ಅದನ್ನೇ. 1983-84ರಲ್ಲಿ ನಮ್ಮ ದೇಶ ನಾರು ಹುಣ್ಣು ನಿರ್ಮೂಲನೆಗೆ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಆಗ ನಮ್ಮಲ್ಲಿ ವರ್ಷಕ್ಕೆ ಸುಮಾರು 40 ಸಾವಿರ ಪ್ರಕರಣ. ರಾಜಸ್ಥಾನ, ಮಧ್ಯಪ್ರದೇಶ, ಗುಜರಾತ್, ಮಹಾರಾಷ್ಟ್ರ, ಆಂಧ್ರ, ಮತ್ತೆ ನಮ್ಮ ಕರ್ನಾಟಕ. ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋದ್ರು. ಹುಳು ಎದ್ದವರು ಯಾರು ಅಂತ ಪಟ್ಟಿ ಮಾಡಿದ್ರು. ಅವರು ಬಾವಿಗೆ ಕಾಲಿಡದ ಹಾಗೆ ನೋಡಿಕೊಂಡ್ರು. ಮೆಟ್ಟಿಲು ಬಾವಿಗಳನ್ನು ಮುಚ್ಚಿ ಕಟ್ಟೆ ಕಟ್ಟಿದ ಸೇದುವ ಬಾವಿ ಮಾಡಿದ್ರು, ಬೋರ್‌ವೆಲ್ ಕೊರೆಸಿದ್ರು, ಕೈಪಂಪು ಹಾಕಿದ್ರು. ನೀರು ಸೋಸೋಕೆ ಸಣ್ಣ ಕಣ್ಣಿನ ಬಟ್ಟೆ ಹಂಚಿದ್ರು. ಸೈಕ್ಲಾಪ್ಸ್ ಸಾಯಲಿ ಅಂತ ನೀರಿಗೆ ಟೆಮಿಫಾಸ್ ಹಾಕಿದ್ರು. ಅದೇ, ಇವತ್ತು ಡೆಂಗಿ ಬಂದಾಗ ಸೊಳ್ಳೆ ಮರಿ ಸಾಯೋಕೆ ನೀರಿನ ತೊಟ್ಟಿಗೆ ಹಾಕ್ತಾರಲ್ಲ, ಆ ಔಷಧ.

ದೇಶದ ಕೊನೇ ಪ್ರಕರಣ ದಾಖಲಾಗಿದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ನೇ ಇಸವಿ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರು ಹುಣ್ಣು ಮುಕ್ತ ದೇಶ ಅಂತ ಪ್ರಮಾಣೀಕರಿಸಿತು. ಪೋಲಿಯೋ ಗೆದ್ದಾಗ ನಾವು ಸಂಭ್ರಮಿಸಿದ್ವಿ, ಸರಿ. ನಾರು ಹುಣ್ಣು ಗೆದ್ದಿದ್ದು ಎಷ್ಟು ಜನರಿಗೆ ನೆನಪಿದೆ? ಇದು ಬಡವರ ಕಾಯಿಲೆ ಆಗಿತ್ತು ವೀಕ್ಷಕರೇ. ನಲ್ಲಿ ನೀರು ಕುಡಿಯೋ ಊರಿನವರಿಗೆ ಇದು ಯಾವತ್ತೂ ಬರಲಿಲ್ಲ. ಅದಕ್ಕೇ ಗೆಲುವಿನ ಸುದ್ದಿಯೂ ಊರ ತುಂಬಾ ಆಗಲಿಲ್ಲ.

ಈಗ ಆಫ್ರಿಕಾಕ್ಕೆ ಹೋಗೋಣ. ಕೊನೇ ಯುದ್ಧ ನಡೀತಿರೋದು ಅಲ್ಲೇ. 1986ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಕಾರ್ಟರ್ ಸೆಂಟರ್ ಈ ಹುಳುವಿನ ಬೆನ್ನು ಬಿತ್ತು. 1988ರಲ್ಲಿ ಕಾರ್ಟರ್ ಘಾನಾ ದೇಶದ ಒಂದು ಹಳ್ಳಿಗೆ ಹೋದಾಗ ಒಬ್ಬ ಹೆಣ್ಣುಮಗಳನ್ನು ನೋಡಿದ್ರು. ತೋಳಲ್ಲಿ ಮಗು ಎತ್ತಿಕೊಂಡಿದ್ದಾಳೆ ಅಂದುಕೊಂಡ್ರಂತೆ. ಹತ್ತಿರ ಹೋಗಿ ನೋಡಿದ್ರೆ ಅದು ಮಗು ಅಲ್ಲ, ಊದಿಕೊಂಡ ಅವಳ ಎದೆ. ಅದರ ತುದಿಯಿಂದ ಹುಳು ಹೊರಗೆ ಬರ್ತಿತ್ತು. ಆ ದೃಶ್ಯವನ್ನು ಅವರು ಕೊನೆಯವರೆಗೂ ಹೇಳ್ತಿದ್ರು. 1995ರಲ್ಲಿ ಸುಡಾನ್‌ನಲ್ಲಿ ಅಂತರ್ಯುದ್ಧ ನಡೀತಿದ್ದಾಗ, ಈ ಹುಳುವಿನ ಕೆಲಸಕ್ಕೆ ಅಂತಲೇ ಎರಡೂ ಕಡೆಯವರನ್ನು ಕೂರಿಸಿ ಕದನ ವಿರಾಮ ಮಾಡಿಸಿದ್ರು. ಸುಮಾರು ಆರು ತಿಂಗಳು ಬಂದೂಕು ಕೆಳಗಿಟ್ಟು ಆರೋಗ್ಯ ಕಾರ್ಯಕರ್ತರಿಗೆ ದಾರಿ ಬಿಟ್ಟರು. ಒಂದು ಹುಳುವಿಗಾಗಿ ಯುದ್ಧ ನಿಂತ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ.

ಇಷ್ಟು ಧೈರ್ಯದಿಂದ ಈ ಕೆಲಸಕ್ಕೆ ಇಳಿಯೋಕೆ ಕಾರಣ ಏನು? ಒಂದು ನಂಬಿಕೆ. ಈ ಹುಳು ಬದುಕೋದು ಮನುಷ್ಯನಲ್ಲಿ ಮಾತ್ರ ಅನ್ನೋ ನಂಬಿಕೆ. ಇದು ಬಹಳ ಮುಖ್ಯವಾದ ಪಾಯಿಂಟ್. ಸಿಡುಬು ಯಾಕೆ ಪ್ರಪಂಚದಿಂದ ಮಾಯ ಆಯ್ತು? ಸಿಡುಬಿನ ವೈರಸ್‌ಗೆ ಮನುಷ್ಯನನ್ನು ಬಿಟ್ರೆ ಬೇರೆ ಮನೆ ಇರಲಿಲ್ಲ. ಮನುಷ್ಯರನ್ನು ಕಾಪಾಡಿದ್ರೆ ಅದಕ್ಕೆ ಬಾಗಿಲು ಬಂದ್. 1980ರಲ್ಲಿ ಸಿಡುಬು ಮುಗೀತು ಅಂತ ಘೋಷಣೆ ಆಯ್ತು. ನಾರು ಹುಳುವಿನ ವಿಷಯದಲ್ಲೂ ಅದೇ ಲೆಕ್ಕ. ಅಲ್ಲೊಂದು ನಾಯಿ, ಇಲ್ಲೊಂದು ಪ್ರಾಣಿಯಲ್ಲಿ ಹುಳು ಕಂಡ ವರದಿಗಳು ಹಿಂದೆಯೂ ಇದ್ದವು. ಆದರೆ ಅದು ಮನುಷ್ಯರಿಂದ ಚೆಲ್ಲಿದ್ದು, ಮನುಷ್ಯರಲ್ಲಿ ನಿಂತರೆ ಪ್ರಾಣಿಗಳಲ್ಲೂ ತಾನಾಗಿಯೇ ನಿಲ್ಲುತ್ತೆ ಅಂತ ತಜ್ಞರು ಭಾವಿಸಿದ್ರು. ಭಾರತದಲ್ಲಿ ಹಾಗೇ ಆಯ್ತು ಕೂಡ. ಮನುಷ್ಯರಲ್ಲಿ ನಿಂತಿತು, ಕಥೆ ಮುಗೀತು.

ಚಾಡ್ ದೇಶದಲ್ಲಿ ಹಾಗೆ ಆಗಲಿಲ್ಲ.

ಚಾಡ್ ಆಫ್ರಿಕಾದ ನಡುಮಧ್ಯದ ಬಡ ದೇಶ. ಅಲ್ಲಿ ಸುಮಾರು ಹತ್ತು ವರ್ಷ ಒಂದೇ ಒಂದು ನಾರು ಹುಣ್ಣಿನ ಪ್ರಕರಣ ವರದಿ ಆಗಿರಲಿಲ್ಲ. ಎಲ್ಲರೂ ಮುಗೀತು ಅಂದುಕೊಂಡಿದ್ರು. 2010ರಲ್ಲಿ ಇದ್ದಕ್ಕಿದ್ದ ಹಾಗೆ ಹತ್ತು ಜನರಲ್ಲಿ ಹುಳು ಕಾಣಿಸಿತು. ವಿಚಿತ್ರ ಏನಪ್ಪಾ ಅಂದ್ರೆ, ಕಾಯಿಲೆಯ ವರಸೆಯೇ ಬೇರೆ ಆಗಿತ್ತು. ಸಾಮಾನ್ಯವಾಗಿ ನಾರು ಹುಣ್ಣು ಬಂದ್ರೆ ಒಂದು ಬಾವಿ ಹಂಚಿಕೊಂಡ ಇಡೀ ಊರಿಗೆ ಬರುತ್ತೆ. ಇಲ್ಲಿ ಹಾಗಲ್ಲ. ಈ ಊರಲ್ಲಿ ಒಬ್ಬರು, ಇನ್ನೆಲ್ಲೋ ದೂರದ ಊರಲ್ಲಿ ಒಬ್ಬರು. ಒಬ್ಬರಿಗೂ ಇನ್ನೊಬ್ಬರಿಗೂ ಸಂಬಂಧ ಇಲ್ಲ, ಬಾವಿ ಒಂದೇ ಅಲ್ಲ. ಹುಳು ಎಲ್ಲಿಂದ ಬರ್ತಿದೆ ಅಂತ ತಲೆ ಕೆಡಿಸಿಕೊಂಡ್ರು.

2012ರಲ್ಲಿ ಉತ್ತರದ ಮೊದಲ ಸುಳಿವು ಸಿಕ್ಕಿತು. ಶಾರಿ ನದಿಯ ದಂಡೆಯ ಊರುಗಳಲ್ಲಿ ನಾಯಿಗಳ ಕಾಲಿನಿಂದ ಹುಳು ಹೊರಗೆ ಬರ್ತಿದೆ. ಒಂದಲ್ಲ, ಎರಡಲ್ಲ. ಹುಡುಕಿದಷ್ಟೂ ಸಿಗ್ತಾ ಹೋಯ್ತು. ಇದು ನಾಯಿಯದ್ದೇ ಬೇರೆ ಜಾತಿಯ ಹುಳು ಇರಬಹುದಾ ಅಂತ ವಂಶವಾಹಿ ಪರೀಕ್ಷೆ ಮಾಡಿದ್ರು. ಅಲ್ಲ. ಮನುಷ್ಯರ ಕಾಲಲ್ಲಿ ಬರೋದೂ ಅದೇ, ನಾಯಿಯ ಕಾಲಲ್ಲಿ ಬರೋದೂ ಅದೇ. 2019ರಲ್ಲಿ ಚಾಡ್ ಒಂದರಲ್ಲೇ ಹತ್ತಿರ ಹತ್ತಿರ ಎರಡು ಸಾವಿರ ಪ್ರಾಣಿಗಳಲ್ಲಿ ಹುಳು ಪತ್ತೆ ಆಯ್ತು, ಬಹುಪಾಲು ನಾಯಿಗಳು. ಅದೇ ವರ್ಷ ಇಡೀ ಪ್ರಪಂಚದಲ್ಲಿ ಈ ಕಾಯಿಲೆ ಬಂದ ಮನುಷ್ಯರು 54. ಅಂದ್ರೆ ಹುಳುವಿನ ಮುಖ್ಯ ಮನೆ ಈಗ ಮನುಷ್ಯ ಅಲ್ಲ, ನಾಯಿ.

ನಾಯಿಗೆ ಹೇಗೆ ಬಂತು? ನೀರು ಕುಡಿದಾ? ವಿಜ್ಞಾನಿಗಳಿಗೆ ಅನುಮಾನ ಬಂತು. ನಾಯಿ ನಾಲಿಗೆಯಿಂದ ನೀರು ನೆಕ್ಕಿ ಕುಡಿಯೋ ರೀತಿಯಲ್ಲಿ ಅಷ್ಟೊಂದು ಸೈಕ್ಲಾಪ್ಸ್ ಒಳಗೆ ಹೋಗೋದು ಕಷ್ಟ. ಆಗ ಕಣ್ಣು ಹೋಗಿದ್ದು ಮೀನಿನ ಮೇಲೆ. ನದಿ ಇಳಿದಾಗ ಶಾರಿ ದಂಡೆಯ ಜನ ರಾಶಿ ರಾಶಿ ಮೀನು ಹಿಡೀತಾರೆ. ಕೆಲವು ತಿಂತಾರೆ, ಉಳಿದಿದ್ದನ್ನು ಒಣಗಿಸ್ತಾರೆ. ಕರುಳು ಕಿತ್ತು ಅಲ್ಲೇ ಬಿಸಾಕ್ತಾರೆ. ನಾಯಿ ಬಂದು ತಿನ್ನುತ್ತೆ. ಸೈಕ್ಲಾಪ್ಸ್ ತಿಂದ ಮೀನಿನ ಹೊಟ್ಟೆಯಲ್ಲಿ ನಾರು ಹುಳುವಿನ ಮರಿ ಇದ್ದರೆ? ಕಪ್ಪೆಗಳನ್ನೂ ಪರೀಕ್ಷೆ ಮಾಡಿದ್ರು. ಅಲ್ಲಿನ ಕಪ್ಪೆಯ ಮಾಂಸದಲ್ಲಿ ಜೀವಂತ ಮರಿ ಸಿಕ್ಕಿತು. ಅಂದ್ರೆ ಹುಳು ಬಾಗಿಲು ಬದಲಾಯಿಸಿತ್ತು. ನೀರಿನ ದಾರಿಯನ್ನು ಮನುಷ್ಯ ಬಟ್ಟೆ ಹಿಡಿದು ಮುಚ್ಚಿದ. ಊಟದ ದಾರಿ ತೆರೆದೇ ಇತ್ತು.

ನಾಯಿ ಆದ್ರೆ ಪರವಾಗಿಲ್ಲ, ಅದಕ್ಕೊಬ್ಬ ಯಜಮಾನ ಇರ್ತಾನೆ, ಕಟ್ಟಿಹಾಕು ಅಂತ ಹೇಳಬಹುದು. ಕಾಡಿನ ಮಂಗಕ್ಕೆ ಯಾರು ಹೇಳೋದು?

ಇಥಿಯೋಪಿಯಾದ ಪಶ್ಚಿಮಕ್ಕೆ, ದಕ್ಷಿಣ ಸುಡಾನ್ ಗಡಿಗೆ ಅಂಟಿಕೊಂಡು ಗಂಬೆಲ್ಲಾ ಅನ್ನೋ ಪ್ರದೇಶ ಇದೆ. ಕಾಡು, ಜೌಗು, ಮಳೆ ನೀರು ನಿಂತ ಗುಂಡಿಗಳು. ಅಲ್ಲಿ 2013ರಿಂದ ಬಬೂನ್‌ಗಳಲ್ಲಿ ನಾರು ಹುಳು ಸಿಗೋಕೆ ಶುರುವಾಯ್ತು. ಬಬೂನ್ ಅಂದ್ರೆ ನಾಯಿಯ ಮೂತಿಯ ದೊಡ್ಡ ಮಂಗ. ನಮ್ಮ ಕೋತಿಗಳ ಹಾಗೇ ಗುಂಪಿನಲ್ಲಿ ಓಡಾಡುತ್ತೆ, ನೆಲದ ಮೇಲೇ ಜಾಸ್ತಿ ಇರುತ್ತೆ, ಸಿಕ್ಕಿದ್ದೆಲ್ಲ ತಿನ್ನುತ್ತೆ. ಊರಿನ ಜನ ಕಾಡಿಗೆ ಜೇನು ಕೀಳೋಕೆ, ಬೇಟೆಗೆ, ಕೂಲಿ ಕೆಲಸಕ್ಕೆ ಹೋದಾಗ ಬಾಯಾರಿಕೆಗೆ ಅದೇ ಗುಂಡಿಯ ನೀರು ಕುಡೀತಾರೆ. ಅದೇ ಗುಂಡಿಗೆ ಬಬೂನ್ ಬರುತ್ತೆ. ಅದೇ ಗುಂಡಿಗೆ ನಾಯಿ ಬರುತ್ತೆ. ಊರೊಳಗೆ ಎಷ್ಟು ಬೋರ್‌ವೆಲ್ ಕೊರೆಸಿದ್ರೂ ಕಾಡಿನ ಗುಂಡಿ ಗುಂಡಿಯೇ. 2017ರಲ್ಲಿ ಇಥಿಯೋಪಿಯಾದಲ್ಲಿ 15 ಜನರಿಗೆ ಹುಳು ಬಂದಾಗ ಅದರ ಮೂಲ ಸಿಕ್ಕಿದ್ದೂ ಹೀಗೇ. ಹೊರಗಿನಿಂದ ಕೂಲಿಗೆ ಬಂದ ಜಮೀನು ಕೆಲಸಗಾರರು ಸೋಸದೆ ಕುಡಿದ ಕೊಳದ ನೀರು.

ಈಗ ನಿಮ್ಮಲ್ಲಿ ಕೆಲವರಿಗೆ ಒಂದು ಪ್ರಶ್ನೆ ಬಂದಿರುತ್ತೆ. ಹುಳು ಇರೋ ಬಬೂನ್‌ಗಳನ್ನು ಗುಂಡಿಕ್ಕಿ ಕೊಂದುಬಿಟ್ರೆ ಆಯ್ತಲ್ಲ? ಇಂಥ ಮಾತು ನಮಗೆ ಹೊಸದಲ್ಲ. ಮಲೆನಾಡಿನವರಿಗೆ ಮಂಗನ ಕಾಯಿಲೆ ಗೊತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ. ಅದು ವೈರಸ್, ಇದು ಹುಳು, ಎರಡೂ ಬೇರೆ ಬೇರೆ, ಗೊಂದಲ ಬೇಡ. ಆದರೆ ಅಲ್ಲಿ ಕಲಿತ ಪಾಠ ಇಲ್ಲೂ ನಿಲ್ಲುತ್ತೆ. ಹೆಸರು ಮಂಗನದ್ದು, ಆದರೆ ಕಾಯಿಲೆ ಹರಡೋದು ಉಣ್ಣೆ. ಮಂಗವೂ ನಮ್ಮ ಹಾಗೇ ಅದಕ್ಕೆ ಬಲಿಯಾಗಿ ಮರದಿಂದ ಸತ್ತು ಬೀಳುತ್ತೆ. ಗಂಬೆಲ್ಲಾದ ಬಬೂನ್ ಕೂಡ ಅಷ್ಟೇ. ಹುಳು ಅದರ ಕಾಲನ್ನೂ ಕೊರೆಯುತ್ತೆ, ಅದಕ್ಕೂ ಉರಿಯುತ್ತೆ, ಅದೂ ನೀರು ಹುಡುಕಿಕೊಂಡು ಹೋಗುತ್ತೆ. ಕೊಲ್ಲೋಕೆ ಹೋದ್ರೆ ಗುಂಪು ಚದುರಿ ಇನ್ನೊಂದು ಕಾಡಿಗೆ ಓಡುತ್ತೆ, ಕಾಲಲ್ಲಿ ಹುಳು ಇಟ್ಕೊಂಡೇ.

ಅದಕ್ಕೇ ಅಲ್ಲಿನವರು ಮಾಡ್ತಿರೋದು ಬೇರೆ. ಬಬೂನ್‌ಗಳನ್ನು ಬಲೆಗೆ ಬೀಳಿಸಿ, ಮಂಪರು ಕೊಟ್ಟು, ಮೈಯೆಲ್ಲ ಪರೀಕ್ಷೆ ಮಾಡಿ, ರಕ್ತದ ಮಾದರಿ ತೆಗೆದು ಬಿಡ್ತಾರೆ. ಕೆಲವಕ್ಕೆ ಕುತ್ತಿಗೆಗೆ ಸಿಗ್ನಲ್ ಕೊಡೋ ಪಟ್ಟಿ ಕಟ್ಟಿ, ಗುಂಪು ಎಲ್ಲೆಲ್ಲಿ ಓಡಾಡುತ್ತೆ, ಯಾವ ಗುಂಡಿಯ ನೀರು ಕುಡಿಯುತ್ತೆ ಅಂತ ನೋಡ್ತಾರೆ. ಆ ಗುಂಡಿಗಳಿಗೆ ಟೆಮಿಫಾಸ್ ಹಾಕ್ತಾರೆ. ನಮ್ಮ ಹುಲಿ, ಆನೆಗಳಿಗೆ ರೇಡಿಯೋ ಕಾಲರ್ ಹಾಕೋದು ನೋಡಿದ್ದೀರಲ್ಲ, ಅದೇ ಥರ. ವ್ಯತ್ಯಾಸ ಇಷ್ಟೇ, ಇಲ್ಲಿ ಹಿಂಬಾಲಿಸ್ತಿರೋದು ಪ್ರಾಣಿಯನ್ನಲ್ಲ, ಅದರೊಳಗಿನ ಹುಳುವನ್ನು.

ಇಲ್ಲಿ ಸ್ವಲ್ಪ ನಿಂತು ಈ ಜಾತಿಯ ಹುಳುಗಳ ಬಗ್ಗೆ ಎರಡು ಮಾತು ಹೇಳ್ತೀನಿ. ಇವಕ್ಕೆ ದುಂಡು ಹುಳು ಅಂತಾರೆ. ಕಾಡುಪ್ರಾಣಿಗಳ ಮೈಯಲ್ಲಿ ಇವು ಇಲ್ಲದ ಜಾಗವೇ ಇಲ್ಲ. ನಾರು ಹುಳುವಿನ ಹತ್ತಿರದ ದಾಯಾದಿ ಒಂದು ಉತ್ತರ ಅಮೆರಿಕದ ರಕೂನ್ ಅನ್ನೋ ಪ್ರಾಣಿಯ ಚರ್ಮದ ಕೆಳಗಿರುತ್ತೆ. ಇನ್ನೊಂದು ಅಲ್ಲಿನ ನೀರುನಾಯಿಯಲ್ಲಿ. ಹಾವಿನಲ್ಲಿ, ಆಮೆಯಲ್ಲಿ ಇರೋ ದಾಯಾದಿಗಳೂ ಇದ್ದಾವೆ. ತಿಮಿಂಗಿಲದ ಹೊಟ್ಟೆಯಲ್ಲಿ ಬೆಳೆಯೋ ಅನಿಸಾಕಿಸ್ ಅನ್ನೋ ಹುಳುವಿನ ಮರಿ ಮೊದಲು ಸೀಗಡಿಯಂಥ ಜೀವಿಯಲ್ಲಿ, ಆಮೇಲೆ ಮೀನಿನಲ್ಲಿ ಕೂತು ತಿಮಿಂಗಿಲಕ್ಕಾಗಿ ಕಾಯುತ್ತೆ. ಆ ಮೀನನ್ನು ಬೇಯಿಸದೆ ತಿಂದ ಮನುಷ್ಯ ಹೊಟ್ಟೆನೋವಿನಿಂದ ಒದ್ದಾಡ್ತಾನೆ. ಕರಡಿ, ಕಾಡುಹಂದಿಗಳ ಮಾಂಸಖಂಡದಲ್ಲಿ ಟ್ರೈಕಿನೆಲ್ಲಾ ಅಂತ ಒಂದಿದೆ, ಅರೆಬೆಂದ ಮಾಂಸದಿಂದ ಮನುಷ್ಯನಿಗೆ ಬರುತ್ತೆ. ಈ ಕುಟುಂಬದ ಬುದ್ಧಿ ಒಂದೇ. ಒಬ್ಬರ ಹೊಟ್ಟೆಯಿಂದ ಇನ್ನೊಬ್ಬರ ಹೊಟ್ಟೆಗೆ ಹೋಗೋಕೆ ಯಾರು ಯಾರನ್ನು ತಿಂತಾರೆ ಅನ್ನೋದನ್ನು ಬಳಸಿಕೊಳ್ಳೋದು. ಇಂಥ ಕುಟುಂಬದ ಹುಳು ಮನುಷ್ಯನೊಬ್ಬನನ್ನೇ ನಂಬಿಕೊಂಡಿದೆ ಅಂತ ಪ್ರಪಂಚ ಭಾವಿಸಿದ್ದು ಆಶ್ಚರ್ಯ, ಹುಳು ಪ್ರಾಣಿಗಳಲ್ಲಿ ಸಿಕ್ಕಿದ್ದು ಆಶ್ಚರ್ಯ ಅಲ್ಲ.

ಸರಿ, ಇದರಿಂದ ಆದ ನಷ್ಟ ಏನು? ಗಡುವುಗಳು ಒಂದೊಂದಾಗಿ ಜಾರಿದವು. ಮೊದಲು 1995ಕ್ಕೆ ಮುಗಿಸ್ತೀವಿ ಅಂದ್ರು. ಆಮೇಲೆ 2009, ಆಮೇಲೆ 2015, ಆಮೇಲೆ 2020. ಈಗಿನ ಗುರಿ 2030. ಇನ್ನೂ ಆರು ದೇಶಗಳಿಗೆ ಪ್ರಮಾಣಪತ್ರ ಸಿಕ್ಕಿಲ್ಲ. ಚಾಡ್, ಇಥಿಯೋಪಿಯಾ, ಮಾಲಿ, ದಕ್ಷಿಣ ಸುಡಾನ್, ಸುಡಾನ್, ಅಂಗೋಲಾ. ಅಂಗೋಲಾ ಕಥೆ ಕೇಳಿ. ಅಲ್ಲಿ ನಾರು ಹುಣ್ಣು ಇತ್ತು ಅಂತಲೇ ಯಾರಿಗೂ ಗೊತ್ತಿರಲಿಲ್ಲ. 2018ರಲ್ಲಿ ಒಬ್ಬ ಪುಟ್ಟ ಹುಡುಗಿಯ ಕಾಲಲ್ಲಿ ಹುಳು ಕಾಣಿಸಿತು. ಆಮೇಲೆ ಹುಡುಕಿದಾಗ ನಾಯಿಗಳಲ್ಲಿ ಸಿಕ್ಕಿತು. ಹುಡುಕದೇ ಇದ್ದ ಕಡೆ ಕಾಯಿಲೆ ಇಲ್ಲ ಅನ್ನೋಕೂ, ನಿಜವಾಗಿಯೂ ಕಾಯಿಲೆ ಇಲ್ಲ ಅನ್ನೋಕೂ ಎಷ್ಟು ವ್ಯತ್ಯಾಸ ಇದೆ ನೋಡಿ. ಹಿಂದೆ ಒಂದು ದೇಶಕ್ಕೆ ಪ್ರಮಾಣಪತ್ರ ಬೇಕಂದ್ರೆ ಮನುಷ್ಯರಲ್ಲಿ ಮೂರು ವರ್ಷ ಹುಳು ಸಿಗಬಾರದಿತ್ತು. ಈಗ ಪ್ರಾಣಿಗಳಲ್ಲೂ ಸಿಗಬಾರದು. ಪರೀಕ್ಷೆ ಕಷ್ಟ ಆಯ್ತು. ಆದರೆ ನ್ಯಾಯವಾದ ಪರೀಕ್ಷೆ.

ಹಾಗಂತ ಇದು ಸೋತ ಯುದ್ಧ ಅಂತ ನಾನು ಹೇಳಲ್ಲ. ಚಾಡ್‌ನ ಹಳ್ಳಿಗಳಲ್ಲಿ ಜನ ನಾಯಿಗಳನ್ನು ಕಟ್ಟಿಹಾಕೋಕೆ ಶುರು ಮಾಡಿದ್ರು. ಹುಳು ಎದ್ದ ನಾಯಿ ನೀರಿಗೆ ಹೋಗಬಾರದು ಅಂತ ತಿಂಗಳುಗಟ್ಟಲೆ ಕಟ್ಟಿ, ಊಟ ನೀರು ಕೊಟ್ಟು ನೋಡಿಕೊಳ್ತಾರೆ. ಮೀನಿನ ಕರುಳನ್ನು ಬಿಸಾಕದೆ ಗುಂಡಿ ತೋಡಿ ಹೂಳ್ತಾರೆ, ಇಲ್ಲಾ ಸುಡ್ತಾರೆ. ಹುಳು ಕಂಡರೆ ತಿಳಿಸಿದವರಿಗೆ ಸರ್ಕಾರ ಬಹುಮಾನ ಕೊಡುತ್ತೆ. ಇದೆಲ್ಲದರಿಂದ ಎರಡು ಸಾವಿರದ ಹತ್ತಿರ ಇದ್ದ ಪ್ರಾಣಿಗಳ ಲೆಕ್ಕ ಕೆಲವು ನೂರಕ್ಕೆ ಇಳಿದಿದೆ. ಯಾರು ಇಳಿಸಿದ್ದು? ದೊಡ್ಡ ಪ್ರಯೋಗಾಲಯ ಅಲ್ಲ. ತಮಗೇ ಹೊಟ್ಟೆಗೆ ಸಾಲದ ಮನೆಯವರು, ಕಟ್ಟಿದ ನಾಯಿಗೆ ದಿನಾ ಊಟ ಹಾಕಿ.

ಆದರೂ ನನ್ನ ಮನಸ್ಸಿಗೆ ಚುಚ್ಚೋ ಪ್ರಶ್ನೆ ಒಂದಿದೆ. ಹದಿನೈದು ಜನರ ಕಾಯಿಲೆಗೆ ಇಷ್ಟೆಲ್ಲ ಯಾಕೆ? ಅದೇ ಹಳ್ಳಿಗಳಲ್ಲಿ ಮಲೇರಿಯಾ ಇದೆ, ಹಸಿವಿದೆ. ಆ ದುಡ್ಡನ್ನು ಅಲ್ಲಿ ಹಾಕಬಾರದಾ? ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ ಇದು. ಈಗ ಕೈಬಿಟ್ರೆ ಹದಿನೈದು ಹದಿನೈದಾಗಿ ಉಳಿಯಲ್ಲ. ಒಂದು ಹೆಣ್ಣು ಹುಳು ಒಂದು ಸಲ ನೀರಿಗೆ ತಾಗಿದ್ರೆ ಲಕ್ಷಗಟ್ಟಲೆ ಮರಿ. ಹತ್ತು ವರ್ಷ ಸುಮ್ಮನಿದ್ದ ಚಾಡ್‌ನಲ್ಲಿ ಅದು ಎದ್ದು ಬಂದಿದ್ದನ್ನು ನೋಡಿದ್ದೇವೆ. ಇನ್ನೊಂದು, ಈ ಹುಳು ಹೋಗೋಕೆ ಬೇಕಿರೋದು ಶುದ್ಧ ನೀರು. ಬೋರ್‌ವೆಲ್ ಒಂದು ಹಳ್ಳಿಗೆ ಬಂದ್ರೆ ನಾರು ಹುಳು ಮಾತ್ರ ಹೋಗಲ್ಲ, ಕಾಲರಾ, ವಾಂತಿಭೇದಿ ಕೂಡ ಕಡಿಮೆ ಆಗುತ್ತೆ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕೈಪಂಪು ಬಂದಾಗ ಆಗಿದ್ದೂ ಅದೇ.

ಇದನ್ನು ಓದಿ ಯಾರೂ ಗಾಬರಿ ಆಗೋದು ಬೇಡ. ಭಾರತದಲ್ಲಿ ನಾರು ಹುಳು ಇಲ್ಲ. ನಿಮ್ಮ ಬೀದಿ ನಾಯಿಯಲ್ಲೂ ಇಲ್ಲ, ನಿಮ್ಮ ತೋಟಕ್ಕೆ ನುಗ್ಗೋ ಕೋತಿಯಲ್ಲೂ ಇಲ್ಲ. ವಾಟ್ಸಾಪ್‌ನಲ್ಲಿ ಬಿಳೀ ದಾರದ ಥರ ಹುಳುವಿನ ವಿಡಿಯೋ ಹಾಕಿ ಭಯ ಹುಟ್ಟಿಸೋರು ಇದ್ದರೆ ನಂಬಬೇಡಿ, ಮುಂದಕ್ಕೆ ಕಳಿಸಬೇಡಿ.

ಜಿಮ್ಮಿ ಕಾರ್ಟರ್ 2015ರಲ್ಲಿ ತಮಗೆ ಕ್ಯಾನ್ಸರ್ ಇದೆ ಅಂತ ಹೇಳೋಕೆ ಪತ್ರಿಕಾಗೋಷ್ಠಿ ಕರೆದಾಗ, ನನಗಿಂತ ಮೊದಲು ಕೊನೇ ನಾರು ಹುಳು ಸಾಯಬೇಕು ಅನ್ನೋ ಆಸೆ ಹೇಳಿಕೊಂಡಿದ್ರು. 2024ರ ಡಿಸೆಂಬರ್ 29ರಂದು, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡ್ರು. ಆ ಆಸೆ ಈಡೇರಲಿಲ್ಲ, ಹದಿನೈದು ಜನರ ಅಂತರದಲ್ಲಿ, ಮತ್ತೆ ಕಾಡಿನ ಕೆಲವು ನೀರು ಗುಂಡಿಗಳ ಅಂತರದಲ್ಲಿ ಉಳೀತು.

ಕೊನೆಗೆ ನಿಮ್ಮಲ್ಲಿ ಒಂದು ಕೆಲಸ ಕೇಳ್ತೀನಿ. ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ, ಅದರಲ್ಲೂ ನಿಮ್ಮ ಮೂಲ ಕಲಬುರಗಿ, ರಾಯಚೂರು ಕಡೆಯದ್ದಾಗಿದ್ದರೆ, ಇವತ್ತು ರಾತ್ರಿ ಊಟ ಆದ ಮೇಲೆ ನಾರು ಹುಣ್ಣು ನೋಡಿದ್ರಾ ಅಂತ ಕೇಳಿ. ಯಾವ ಬಾವಿಯ ನೀರು ಕುಡೀತಿದ್ರು, ಯಾರ ಕಾಲಲ್ಲಿ ಎದ್ದಿತ್ತು, ಕಡ್ಡಿಗೆ ಸುತ್ತಿದವರು ಯಾರು, ಊರಿಗೆ ಕೈಪಂಪು ಯಾವಾಗ ಬಂತು, ಎಲ್ಲ ಕೇಳಿ ಬರೆದಿಟ್ಕೊಳ್ಳಿ. ಅದನ್ನು ಕಂಡವರು ಇನ್ನು ಜಾಸ್ತಿ ದಿನ ನಮ್ಮ ಜೊತೆ ಇರಲ್ಲ.